ಗಾಳಿಯ ಜಮಾ–ಖರ್ಚು

ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಮೇ–ಜೂನ್ ಎಂದರೆ ಎರಡು ಚಿಂತೆಗಳ ಕಾಲ. ಒಂದು ಸೀಟಿನದು, ಇನ್ನೊಂದು ಮಳೆಯದು. ಪಟ್ಟಣದ ಮನೆಯಾದರೆ ಮೊದಲನೆಯದೇ ದೊಡ್ಡದು. ಹೊಲವನ್ನು ನಂಬಿದ ಮನೆಯಾದರೆ ಎರಡೂ ಒಂದೇ, ಏಕೆಂದರೆ ಕಾಲೇಜಿನ ಫೀಸೂ ಮಳೆಯಿಂದಲೇ ಹುಟ್ಟಬೇಕು. ಈ ಎರಡು ಚಿಂತೆಗಳೂ ಒಂದೇ ಕಡೆ ಬಂದು ಸೇರುವ ಓದೊಂದಿದೆ. ಅದು ವಾಯುಮಂಡಲದ ಭೌತಶಾಸ್ತ್ರ. ಮೋಡ, ಮಳೆ, ಗಾಳಿ, ಗುಡುಗುಗಳ ಹಿಂದಿರುವ ಫಿಸಿಕ್ಸ್. ಅದನ್ನು ಕಾಲೇಜಿನಲ್ಲಿ ಕಲಿಯಬಹುದು ಎಂಬುದೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ನನ್ನ ಮೊಮ್ಮಗಳು ಎಂಜಿನಿಯರಿಂಗ್ ಸೀಟು ಬಿಟ್ಟು ಬಿ.ಎಸ್ಸಿ. ಸೇರಿ, ಈಗ ಕೊಚ್ಚಿಯಲ್ಲಿ ಹವಾಮಾನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಮದುವೆ ಮನೆಗಳಲ್ಲಿ ಅವಳಿಗೆ ಎದುರಾಗುವ ಪ್ರಶ್ನೆ ಒಂದೇ: ‘ಅದನ್ನು ಓದಿ ಟಿ.ವಿ.ಯಲ್ಲಿ ನಿಂತು ನಾಳೆ ಮಳೆ ಬರುತ್ತೆ ಅಂತ ಹೇಳೋದಾ?’ ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ರಜೆಗೆ ಬಂದಾಗ ಅವಳು ಮೇಜಿನ ಮೇಲೆ ಬಿಟ್ಟಿರುತ್ತಿದ್ದ ಪುಸ್ತಕಗಳನ್ನು ಮಧ್ಯಾಹ್ನದ ಹೊತ್ತು ತಿರುವುತ್ತಾ ಬಂದೆ. ಸೂತ್ರಗಳು ಬಂದ ಕಡೆ ಪುಟ ಮಗುಚಿದೆ, ಅಂಕಗಣಿತ ಬಂದ ಕಡೆ ನಿಂತೆ. ಆ ದಪ್ಪ ಪುಸ್ತಕದಲ್ಲಿ ಅರ್ಧಕ್ಕರ್ಧ ಇರುವುದು ಜಮಾ–ಖರ್ಚೇ. ಶಾಖ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ತಾಳೆ ಆಯಿತೇ? ನಮಗೆ ಹೊಸದೇನಲ್ಲ!

ಮೊದಲು ಗಾಳಿಯ ತೂಕ ನೋಡೋಣ. ನೀವು ಕುಳಿತಿರುವ ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ ಇದೆ ಎನ್ನಿ. ಒಳಗಿರುವ ಗಾಳಿ 36 ಘನ ಮೀಟರ್. ಸಮುದ್ರಮಟ್ಟದ ಊರಿನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಅಂದರೆ ‘ಖಾಲಿ’ ಕೋಣೆಯಲ್ಲಿ 43 ಕಿಲೋ ಗಾಳಿ. ಏಳನೇ ತರಗತಿಯ ಗಟ್ಟಿಮುಟ್ಟಾದ ಹುಡುಗನ ತೂಕ. ಇದು ಒಂದು ಕೋಣೆಯ ಮಾತಾಯಿತು. ಮೇಲೆ ಆಕಾಶದ ತುದಿಯವರೆಗೂ ಇರುವ ಗಾಳಿಯನ್ನೆಲ್ಲ ಲೆಕ್ಕ ಹಿಡಿದರೆ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 10 ಟನ್ ಕುಳಿತಿದೆ. ನಾವು ಅಪ್ಪಚ್ಚಿಯಾಗದಿರುವುದು ಅದು ಎಲ್ಲ ದಿಕ್ಕಿನಿಂದಲೂ, ನಮ್ಮ ಒಳಗಿನಿಂದಲೂ, ಸಮವಾಗಿ ಒತ್ತುವುದರಿಂದ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಹಾಗಾಗಿ ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಬೇಳೆ ಬೇಯಲು ಕೊಂಚ ಹೆಚ್ಚು ಹೊತ್ತು ಬೇಕು ಎಂದು ಹೆಂಗಸರು ಹೇಳುವುದರಲ್ಲಿ ಫಿಸಿಕ್ಸ್ ಇದೆ.

ಈ ಒತ್ತಡದಿಂದಲೇ ಮಳೆಯ ಕಥೆ ಶುರು. ಗಾಳಿ ಮೇಲೇರಿದಂತೆ ಸುತ್ತಲಿನ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ. ಹಿಗ್ಗಲು ಸುತ್ತಲಿನ ಗಾಳಿಯನ್ನು ತಳ್ಳಬೇಕು, ತಳ್ಳಲು ಕೈಯಿಂದ ಖರ್ಚು ಮಾಡಬೇಕು. ಆ ಖರ್ಚು ಅದರ ಸ್ವಂತ ಶಾಖದಿಂದ. ಆದ್ದರಿಂದ ತಣ್ಣಗಾಗುತ್ತದೆ. ಒಣಗಾಳಿಯಾದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿ. ಇದು ಮೊದಲ ಸೆಮಿಸ್ಟರಿನಲ್ಲೇ ಬರುವ ಅಂಕಿ. ಸೂರ್ಯನಿಗೆ ಹತ್ತಿರವಾದ ಬೆಟ್ಟದ ತುದಿ ಏಕೆ ತಂಪು ಎಂದು ಮಕ್ಕಳು ಕೇಳುತ್ತಾರಲ್ಲ, ಉತ್ತರದ ಬಹುಭಾಗ ಇಲ್ಲೇ ಇದೆ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಲೀಟರಿನ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ಎರಡು ಚಮಚ ಬೆಚ್ಚನೆಯ ನೀರು ಹಾಕಿ, ಮುಚ್ಚಳ ಬಿಗಿದು ಕುಲುಕಿ. ಈಗ ಬಾಟಲಿಯನ್ನು ಬಲವಾಗಿ ಹಿಂಡಿ ತಟ್ಟನೆ ಬಿಡಿ. ಏನೂ ಕಾಣುವುದಿಲ್ಲ. ಮುಚ್ಚಳ ತೆಗೆದು, ಅಗರಬತ್ತಿಯ ಹೊಗೆಯನ್ನು ಒಂದಿಷ್ಟು ಒಳಗೆ ಬಿಟ್ಟು (ಇದನ್ನು ದೊಡ್ಡವರು ಮಾಡಲಿ) ಮತ್ತೆ ಮುಚ್ಚಿ. ಹಿಂಡಿ, ಬಿಡಿ. ಬಿಟ್ಟ ಕೂಡಲೇ ಒಳಗೆ ಬಿಳಿ ಮಂಜು! ಹಿಂಡಿದರೆ ಮಾಯ, ಬಿಟ್ಟರೆ ಪ್ರತ್ಯಕ್ಷ. ಕೈಯಲ್ಲಿ ಹಿಡಿದ ಮೋಡ ಅದು. ಬಿಟ್ಟಾಗ ಗಾಳಿ ಹಿಗ್ಗಿ ತಣ್ಣಗಾಯಿತು, ಆವಿ ಹನಿಯಾಯಿತು. ಆದರೆ ಹನಿ ಕೂರಲು ಒಂದು ಕಣ ಬೇಕು. ಹೊಗೆಯಿಲ್ಲದ ಬಾಟಲಿಯಲ್ಲಿ ಮೋಡ ಹುಟ್ಟದ್ದು ಅದಕ್ಕೇ. ನಿಜವಾದ ಆಕಾಶದಲ್ಲಿ ಈ ಕೆಲಸ ಮಾಡುವುದು ಸಮುದ್ರದಿಂದ ಹಾರಿದ ಉಪ್ಪಿನ ಕಣ, ಧೂಳು, ಹೊಗೆ. ಅಂಥ ಮೋಡದ ಹನಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದಷ್ಟು ಸಣ್ಣದು. 2 ಮಿಲಿಮೀಟರಿನ ಒಂದು ಮಳೆಹನಿ ಆಗಲು ಅಂಥವು 10 ಲಕ್ಷ ಸೇರಬೇಕು. ಅಂದಹಾಗೆ ಮಳೆಹನಿಯನ್ನು ನಾವು ಚಿತ್ರದಲ್ಲಿ ಬರೆಯುವಂತೆ ಮೇಲೆ ಚೂಪು, ಕೆಳಗೆ ಗುಂಡು ಎಂಬ ಆಕಾರ ಅದಕ್ಕೆ ಇರುವುದೇ ಇಲ್ಲ. ಸಣ್ಣದು ಗೋಲಿಯಂತೆ, ದೊಡ್ಡದು ತಳ ಚಪ್ಪಟೆಯಾದ ಬನ್ನಿನಂತೆ.

ಇನ್ನು ನಮ್ಮ ನಾಡಿನ ಲೆಕ್ಕಕ್ಕೆ ಬರುತ್ತೇನೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ನೇರ ಗೆರೆ ಎಳೆದರೆ 200 ಕಿಲೋಮೀಟರಿನೊಳಗೇ ಇರುವ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸುಮಾರು 500ರ ಆಸುಪಾಸು. ಸೇವೆಯ ಬಹುಪಾಲು ವರ್ಷಗಳನ್ನು ನಾನು ಕಳೆದದ್ದು ಈ ಒಣಸೀಮೆಯ ಶಾಖೆಗಳಲ್ಲಿ. ಮಲೆನಾಡಿಗೆ ಕೊಟ್ಟ ದೇವರು ನಮಗೇಕೆ ಕೊಡಲಿಲ್ಲ ಎಂದು ರೈತರು ಕೌಂಟರಿನಲ್ಲಿ ಕೇಳುತ್ತಿದ್ದರು. ಪುಸ್ತಕದಲ್ಲಿ ಉತ್ತರ ಸಿಕ್ಕಿತು, ಮೊಮ್ಮಗಳಿಂದ ಒಂದು ಉದಾಹರಣೆ ಲೆಕ್ಕ ಮಾಡಿಸಿಕೊಂಡೆ.

ಕರಾವಳಿಯಲ್ಲಿ 28 ಡಿಗ್ರಿ ಇರುವ ತೇವದ ಗಾಳಿ ಘಟ್ಟಕ್ಕೆ ಬಡಿದು ಏರುತ್ತದೆ. ಮೊದಲ 500 ಮೀಟರಿನಲ್ಲಿ 5 ಡಿಗ್ರಿ ಕಳೆದು 23 ಆಯಿತು. ಅಲ್ಲಿ ಮೋಡ ಕಟ್ಟಲು ಶುರು. ಆವಿ ನೀರಾಗುವಾಗ ತನ್ನಲ್ಲಿ ಅಡಗಿಸಿಟ್ಟಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಇನ್ನು ಮೇಲೆ ಕಿಲೋಮೀಟರಿಗೆ 10ರ ಬದಲು ಸುಮಾರು 5 ಡಿಗ್ರಿ ಮಾತ್ರ ಇಳಿಯುತ್ತದೆ. ಘಟ್ಟದ ನೆತ್ತಿ 1,200 ಮೀಟರ್ ಎಂದಿಟ್ಟುಕೊಳ್ಳಿ, ಅಲ್ಲಿಗೆ 19.5 ಡಿಗ್ರಿ. ನೀರನ್ನೆಲ್ಲ ಅಲ್ಲೇ ಸುರಿದು, ಆಚೆ ಬದಿಯ 700 ಮೀಟರ್ ಎತ್ತರದ ಬಯಲಿಗೆ ಗಾಳಿ ಇಳಿಯುತ್ತದೆ. ಇಳಿಯುವಾಗ ಅದು ಒಣಗಾಳಿ, ಕಿಲೋಮೀಟರಿಗೆ ಪೂರ್ತಿ 10 ಡಿಗ್ರಿಯಂತೆ ಬಿಸಿಯಾಗುತ್ತದೆ. ಬಯಲಿಗೆ ಮುಟ್ಟುವಾಗ 24.5. ಮೋಡವೇ ಕಟ್ಟದೆ ಬಂದಿದ್ದರೆ 700 ಮೀಟರಿನಲ್ಲಿ ಅದು 21 ಡಿಗ್ರಿ ಇರಬೇಕಿತ್ತು. ಅಂದರೆ ಮೂರೂವರೆ ಡಿಗ್ರಿ ಹೆಚ್ಚು ಬಿಸಿ, ಅದರ ಮೇಲೆ ಒಣ. ಇಂಥ ಗಾಳಿಯಲ್ಲಿ ಮೋಡ ಕಟ್ಟುವುದಿರಲಿ, ಇರುವ ಮೋಡವೂ ಕರಗುತ್ತದೆ. ಇದೇ ಮಳೆನೆರಳು. ನಿಜದಲ್ಲಿ ಇನ್ನೂ ಹತ್ತು ಗೋಜಲುಗಳಿವೆ, ಆದರೆ ಲೆಕ್ಕದ ಬೆನ್ನೆಲುಬು ಇಷ್ಟೇ. ಜುಲೈ ತಿಂಗಳಲ್ಲಿ ಹಿರಿಯೂರು–ಚಳ್ಳಕೆರೆ ಕಡೆ ಬೀಸುವ ಗಾಳಿಯನ್ನು ಮುಖಕ್ಕೆ ಹೊಡೆಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆವಿ ಅಡಗಿಸಿಟ್ಟುಕೊಳ್ಳುವ ಶಾಖಕ್ಕೆ ಕನ್ನಡದಲ್ಲಿ ಗುಪ್ತೋಷ್ಣ ಎನ್ನುತ್ತಾರೆ, ಬಹಳ ಒಳ್ಳೆಯ ಪದ. ನನಗೆ ಅದು ನಿಶ್ಚಿತ ಠೇವಣಿಯಂತೆ ಕಂಡಿತು. ಸಮುದ್ರದ ಮೇಲೆ ಬಿಸಿಲು ಜಮಾ ಮಾಡುತ್ತದೆ. ಸಾವಿರಾರು ಕಿಲೋಮೀಟರ್ ಆಚೆ, ಮೋಡದೊಳಗೆ ಅವಧಿ ಮುಗಿದು ಹಣ ಕೈಗೆ ಬರುತ್ತದೆ. ಮೊತ್ತ ಎಷ್ಟು ಗೊತ್ತೇ? ಒಂದು ಎಕರೆಗೆ 25 ಮಿಲಿಮೀಟರ್ ಮಳೆ, ಅಂದರೆ ಹದವಾದ ಒಂದು ಮಳೆ, ಬಿತ್ತೆನ್ನಿ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಮಳೆಯೆಂದರೆ 1 ಲೀಟರ್ ನೀರು. ಎಕರೆಗೆ 4,047 ಚದರ ಮೀಟರ್. ಗುಣಿಸಿದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ಇಷ್ಟು ಆವಿ ನೀರಾಗುವಾಗ ಮೇಲೆ ಬಿಟ್ಟುಕೊಟ್ಟ ಶಾಖವನ್ನು ಕರೆಂಟಿನ ಯೂನಿಟ್ಟಿನಲ್ಲಿ ಹೇಳಿದರೆ ಸುಮಾರು 70,000 ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗೆ 58 ವರ್ಷ ಸಾಕು. ಇದು ಒಂದು ಎಕರೆಯ ಒಂದು ಮಳೆ! ಇಡೀ ಜಿಲ್ಲೆಯ ಮೇಲೆ ಸುರಿಯುವ ಗುಡುಗು ಮಳೆಗೆ ಅಷ್ಟು ಅಬ್ಬರ ಎಲ್ಲಿಂದ ಬರುತ್ತದೆ ಎಂದು ಈ ಲೆಕ್ಕ ಮಾಡಿದ ಮೇಲೆ ನಾನು ಕೇಳಲಿಲ್ಲ.

ಶಾಲೆಯ ಪಾಠ ಒಂದನ್ನು ಕಾಲೇಜು ತಿದ್ದುತ್ತದೆ ಎಂಬುದೂ ಇಲ್ಲಿ ಗೊತ್ತಾಯಿತು. ಬೇಸಿಗೆಯಲ್ಲಿ ನೆಲ ಕಾಯುತ್ತದೆ, ಸಮುದ್ರ ಅಷ್ಟು ಕಾಯುವುದಿಲ್ಲ, ಆದ್ದರಿಂದ ಸಮುದ್ರದ ಗಾಳಿ ನೆಲಕ್ಕೆ ನುಗ್ಗಿ ಮಳೆ ತರುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಎಡ್ಮಂಡ್ ಹ್ಯಾಲಿ, ಅದೇ ಧೂಮಕೇತುವಿನ ಹ್ಯಾಲಿ, 1686ರಲ್ಲಿ ಹೇಳಿದ ಮಾತು ಇದು. ಪೂರ್ತಿ ಸುಳ್ಳಲ್ಲ. ಆದರೆ ನೆಲ ಅತಿ ಹೆಚ್ಚು ಕಾದಿರುವುದು ಮೇ ತಿಂಗಳಲ್ಲಿ. ಹೆಚ್ಚು ಮಳೆ ಬರುವುದು ಜುಲೈ–ಆಗಸ್ಟ್‌ನಲ್ಲಿ. ಬರಗಾಲದ ವರ್ಷ ನೆಲ ಇನ್ನೂ ಬಿಸಿಯಾಗಿರುತ್ತದೆ, ಮಳೆ ಮಾತ್ರ ಇರುವುದಿಲ್ಲ. ಈ ಸಾದಾ ಆಕ್ಷೇಪವನ್ನು ಎತ್ತಿ ಹಿಡಿದು ಕೆಲಸ ಮಾಡಿದವರಲ್ಲಿ ಮುಖ್ಯರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್. ಗಣಿತ ಓದಿ ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಪಡೆದು ಮುಂಗಾರಿನ ಕಡೆ ತಿರುಗಿದವರು. ಭೂಮಧ್ಯರೇಖೆಯ ಸುತ್ತ ಎರಡು ಗೋಳಾರ್ಧಗಳ ಗಾಳಿ ಕೂಡುವ ಮೋಡದ ಪಟ್ಟಿಯೊಂದಿದೆ. ಸೂರ್ಯನ ಹಿಂದೆಯೇ ಅದು ಉತ್ತರಕ್ಕೆ ಸರಿದು ನಮ್ಮ ಮೇಲೆ ಬಂದು ನಿಲ್ಲುವುದೇ ಮುಂಗಾರು ಎಂಬುದನ್ನು ಅವರೂ ಡಿ.ಆರ್. ಸಿಕ್ಕಾ ಅವರೂ 1980ರಲ್ಲಿ ಉಪಗ್ರಹ ಚಿತ್ರಗಳಿಂದ ತೋರಿಸಿದರು. ದಕ್ಷಿಣದಿಂದ ಬರುವ ಗಾಳಿ ಭೂಮಧ್ಯರೇಖೆ ದಾಟಿದ ಮೇಲೆ ಭೂಮಿಯ ತಿರುಗಾಟದಿಂದ ಬಲಕ್ಕೆ ವಾಲಿ ನೈಋತ್ಯದ ಗಾಳಿಯಾಗುತ್ತದೆ. (ಕೈತೊಳೆಯುವ ಬೇಸಿನ್ನಿನಲ್ಲಿ ನೀರು ಸುತ್ತುವುದೂ ಅದರಿಂದಲೇ ಎಂದು ಕೆಲವರು ಹೇಳುತ್ತಾರೆ. ಅಲ್ಲ. ಬೇಸಿನ್ನು ತೀರಾ ಚಿಕ್ಕದು. ಅಲ್ಲಿ ನಡೆಯುವುದು ನಲ್ಲಿಯ ಓರೆ ಮತ್ತು ನಿಮ್ಮ ಕೈಯ ಆಟ.)

ಈಗ ನನಗೆ ಅತ್ಯಂತ ಇಷ್ಟವಾದ ಅಧ್ಯಾಯ. ಅದರಲ್ಲಿ ಗುಮಾಸ್ತರಿದ್ದಾರೆ!

ಲೂಯಿ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದರು. ಬಿಡುವಿನ ವೇಳೆಯಲ್ಲಿ ಅವರು ಕಾಗದ–ಪೆನ್ಸಿಲ್ ಹಿಡಿದು ಮಾಡಿದ್ದು ಒಂದು ವಿಚಿತ್ರ ಲೆಕ್ಕ. 1910ರ ಮೇ 20ರಂದು ಯೂರೋಪಿನಲ್ಲಿ ಅಳೆದ ಗಾಳಿ, ಒತ್ತಡ, ತೇವಗಳ ಅಂಕಿಗಳನ್ನು ಭೌತಶಾಸ್ತ್ರದ ಸಮೀಕರಣಗಳಿಗೆ ಹಾಕಿ, ಆರು ಗಂಟೆಗಳಲ್ಲಿ ಹವೆ ಹೇಗೆ ಬದಲಾಗಿರಬೇಕೆಂದು ಕೈಯಿಂದ ಲೆಕ್ಕ ಹಾಕಿದರು. ಆರು ಗಂಟೆಯ ಮುನ್ಸೂಚನೆಗೆ ಆರು ವಾರ ಹಿಡಿಯಿತು. ಉತ್ತರ? ಒತ್ತಡ 145 ಹೆಕ್ಟೊಪ್ಯಾಸ್ಕಲ್ ಏರಿರಬೇಕು ಎಂದು ಬಂತು. ಒತ್ತಡ ಅಷ್ಟು ಏರುವುದು ಚಂಡಮಾರುತ ಬಂದು ಹೋದರೂ ಸಾಧ್ಯವಿಲ್ಲ. ಆ ದಿನ ವಾಸ್ತವದಲ್ಲಿ ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅದರ ಮೇಲೆ ಹಸ್ತಪ್ರತಿಯೂ ಯುದ್ಧದ ಗಲಾಟೆಯಲ್ಲಿ ಕಳೆದು, ತಿಂಗಳುಗಳ ನಂತರ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯ ಕೆಳಗೆ ಸಿಕ್ಕಿತು.

ಬೇರೆಯವರಾಗಿದ್ದರೆ ಅದನ್ನು ಅಲ್ಲೇ ಬಿಡುತ್ತಿದ್ದರು. ರಿಚರ್ಡ್‌ಸನ್ ತಪ್ಪು ಉತ್ತರವನ್ನೂ ಸೇರಿಸಿ 1922ರಲ್ಲಿ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಒಂದು ಕಲ್ಪನೆಯಿದೆ. ನಾಟಕ ಮಂದಿರದಂಥ ದೊಡ್ಡ ಗುಂಡನೆಯ ಸಭಾಂಗಣ. ಗೋಡೆಯ ಸುತ್ತ ಭೂಪಟ. ಪ್ರತಿ ದೇಶದ ಮೇಲೂ ಕುಳಿತು ತಮ್ಮ ಪಾಲಿನ ಲೆಕ್ಕ ಮಾಡುವ ಲೆಕ್ಕಿಗರು, ಒಟ್ಟು 64,000 ಮಂದಿ. ನಡುವಿನ ಕಂಬದ ಮೇಲೆ ಒಬ್ಬ ಮುಖ್ಯಸ್ಥ. ಯಾವ ಭಾಗದವರು ಲೆಕ್ಕದಲ್ಲಿ ಮುಂದೆ ಓಡುತ್ತಾರೋ ಅವರ ಮೇಲೆ ಗುಲಾಬಿ ಬೆಳಕು, ಹಿಂದುಳಿದವರ ಮೇಲೆ ನೀಲಿ ಬೆಳಕು ಬಿಡುತ್ತಾನೆ. ಹೊರಗೆ ಆಟದ ಬಯಲು, ಕೆರೆ, ಬೆಟ್ಟ, ಏಕೆಂದರೆ ಹವೆಯ ಲೆಕ್ಕ ಮಾಡುವವರು ಒಳ್ಳೆಯ ಹವೆ ಸೇವಿಸಬೇಕಂತೆ. ನಾನು ಕೆಲಸ ಮಾಡಿದ ಯಾವ ಶಾಖೆಯಲ್ಲೂ ಗುಮಾಸ್ತರ ಬಗ್ಗೆ ಇಷ್ಟು ಅಕ್ಕರೆಯಿಂದ ಯೋಚಿಸಿದವರನ್ನು ಕಾಣೆ.

ಅವರ ವಿಧಾನ ಸರಿಯೇ ಇತ್ತು, ಆರಂಭದ ಅಂಕಿಗಳಲ್ಲಿದ್ದ ಅಸಮತೋಲ ಹಾಳು ಮಾಡಿತ್ತು ಎಂದು ಮುಂದೆ ತಿಳಿಯಿತು. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರಿನಲ್ಲಿ, ಜೂಲ್ ಚಾರ್ನಿ ಮತ್ತು ಜಾನ್ ಫಾನ್ ನಾಯ್ಮನ್ ಅವರ ತಂಡ ಸಮೀಕರಣಗಳನ್ನು ಸರಳಗೊಳಿಸಿ ಮೊದಲ ಯಶಸ್ವಿ ಮುನ್ಸೂಚನೆ ತೆಗೆಯಿತು. 24 ಗಂಟೆಯ ಮುನ್ಸೂಚನೆಗೆ ಸುಮಾರು 24 ಗಂಟೆ ಹಿಡಿಯಿತಂತೆ, ಅಂದರೆ ಹವೆಯ ಜೊತೆಜೊತೆಗೇ ಓಟ. ಈಗ ಪುಣೆಯಲ್ಲಿ ‘ಅರ್ಕ’, ನೋಯ್ಡಾದಲ್ಲಿ ‘ಅರುಣಿಕ’ ಎಂಬ ಸೂಪರ್ ಕಂಪ್ಯೂಟರುಗಳು 2024ರಿಂದ ಕೆಲಸ ಮಾಡುತ್ತಿವೆ. ಭೂಮಿಯನ್ನು 6 ಕಿಲೋಮೀಟರಿನ ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೂ ರಿಚರ್ಡ್‌ಸನ್‌ನ ಜಾತಿಯ ಲೆಕ್ಕವನ್ನೇ ಮಾಡುತ್ತವೆ. ಆ ಲೆಕ್ಕಕ್ಕೆ ಆರಂಭದ ಅಂಕಿ ಒದಗಿಸಲು ಪ್ರಪಂಚದ ನೂರಾರು ಊರುಗಳಿಂದ ದಿನಕ್ಕೆ ಎರಡು ಬಾರಿ, ನಮ್ಮ ಗಡಿಯಾರದ ಐದೂವರೆಯ ಲೆಕ್ಕಕ್ಕೆ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಬಲೂನುಗಳು ಉಪಕರಣ ಹೊತ್ತು ಏರುತ್ತವೆ. ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಹಿಗ್ಗಿ ಒಡೆಯುತ್ತವೆ. ರಷ್ಯದವನೂ ಅಮೆರಿಕದವನೂ ಪಾಕಿಸ್ತಾನದವನೂ ಒಂದೇ ಹೊತ್ತಿಗೆ ಬಲೂನು ಬಿಟ್ಟು ಅಂಕಿಗಳನ್ನು ಹಂಚಿಕೊಳ್ಳುತ್ತಾರೆ. ಬೇರೆ ವಿಷಯಗಳಲ್ಲಿ ಅವರು ಹೇಗಿರುತ್ತಾರೆಂದು ನಿಮಗೇ ಗೊತ್ತು.

ಹಾಗಾದರೆ ಲೆಕ್ಕ ದೊಡ್ಡದಾದಷ್ಟೂ ಮುನ್ಸೂಚನೆ ಪಕ್ಕಾ ಆಗಬೇಕಲ್ಲ? ಇಲ್ಲಿ ಇನ್ನೊಬ್ಬರು ಅಡ್ಡ ಬಂದರು. ಎಡ್ವರ್ಡ್ ಲೊರೆಂಜ್, ಅಮೆರಿಕದ ಎಂ.ಐ.ಟಿ.ಯವರು. 1961ರಲ್ಲಿ ಒಂದು ಸಣ್ಣ ಹವಾಮಾನದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಓಡಿಸಲು, ಹಿಂದೆ ಅಚ್ಚಾಗಿದ್ದ ಕಾಗದದಿಂದ ಅಂಕಿಯನ್ನು ನಕಲು ಮಾಡಿ ಹಾಕಿದರು. ಯಂತ್ರದ ಒಳಗಿದ್ದದ್ದು 0.506127, ಕಾಗದದಲ್ಲಿ ಅಚ್ಚಾಗಿದ್ದದ್ದು 0.506. ಕಾಫಿ ಕುಡಿದು ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಎರಡೂ ಲೆಕ್ಕಗಳು ಮೊದಲು ಜೊತೆಯಾಗಿ ನಡೆದು, ಆಮೇಲೆ ಸ್ವಲ್ಪ ಸ್ವಲ್ಪವೇ ಅಗಲುತ್ತಾ, ಕೊನೆಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹವೆಯನ್ನು ತೋರಿಸುತ್ತಿದ್ದವು. ವ್ಯತ್ಯಾಸ ಎಷ್ಟು? 4,000 ರೂಪಾಯಿಯಲ್ಲಿ 1 ರೂಪಾಯಿ. ನಮ್ಮಲ್ಲಿ ಬಡ್ಡಿ ಲೆಕ್ಕದಲ್ಲಿ 50 ಪೈಸೆಯ ಒಳಗಿದ್ದರೆ ಬಿಟ್ಟು, ಮೇಲಿದ್ದರೆ ರೂಪಾಯಿ ಮಾಡಿ ಮುಂದೆ ಹೋಗುತ್ತಿದ್ದೆವು, ಯಾವ ಪ್ರಳಯವೂ ಆಗಲಿಲ್ಲ. ಬಡ್ಡಿಯ ಲೆಕ್ಕ ಸಣ್ಣ ತಪ್ಪನ್ನು ಸಣ್ಣದಾಗಿಯೇ ಇಡುತ್ತದೆ. ಗಾಳಿಯ ಲೆಕ್ಕ ಹಾಗಲ್ಲ, ತಪ್ಪು ದಿನದಿಂದ ದಿನಕ್ಕೆ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಎಷ್ಟು ಅಳೆದರೂ ಎಲ್ಲೋ ಒಂದು ದಶಾಂಶ ಬಿಟ್ಟೇ ಹೋಗುವುದರಿಂದ, ಎರಡು ವಾರದಾಚೆ ಇಂಥ ದಿನ ಇಂಥ ಊರಿಗೆ ಮಳೆ ಎಂದು ಹೇಳಲಾಗದು. ಯಂತ್ರದ ದೌರ್ಬಲ್ಯವಲ್ಲ ಇದು, ಗಾಳಿಯ ಸ್ವಭಾವ. ಆದ್ದರಿಂದಲೇ ಈಗ ಒಂದೇ ಲೆಕ್ಕದ ಬದಲು, ಆರಂಭದ ಅಂಕಿಗಳನ್ನು ಕೊಂಚ ಕೊಂಚ ಬದಲಿಸಿ ಹಲವು ಬಾರಿ ಓಡಿಸುತ್ತಾರೆ. ಹತ್ತರಲ್ಲಿ ಆರು ಲೆಕ್ಕ ಮಳೆ ತೋರಿಸಿದರೆ ‘60 ಶೇಕಡ ಸಾಧ್ಯತೆ’.

ಇಷ್ಟೆಲ್ಲ ಯಾರಿಗಾಗಿ? ನನ್ನ ಮಟ್ಟಿಗೆ ಉತ್ತರ ಲೆಡ್ಜರಿನಲ್ಲಿದೆ. ಬಯಲುಸೀಮೆಯಲ್ಲಿ ಶೇಂಗಾ ಹಾಕುವವನು ಮುಂಗಾರಿನ ಮೊದಲ ಹದಕ್ಕೆ ಬಿತ್ತುತ್ತಾನೆ. ಆಮೇಲೆ ಇಪ್ಪತ್ತು ದಿನ ಮಳೆ ಕೈಕೊಟ್ಟರೆ ಮೊಳಕೆ ಒಣಗುತ್ತದೆ. ಎರಡನೇ ಸಲ ಬೀಜ ಕೊಳ್ಳಬೇಕು. ಒಂದು ಬೆಳೆಗೆ ಒಂದೇ ಬೆಳೆಸಾಲ. ಎರಡನೇ ಬೀಜದ ಹಣಕ್ಕೆ ಅವನು ಹೋಗುತ್ತಿದ್ದದ್ದು ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ಕೊಡುವವರ ಬಳಿ. ಮುಂದಿನ ಮಾರ್ಚ್‌ನಲ್ಲಿ ನಮ್ಮ ಕಂತು ಬಾರದಿದ್ದಾಗ, ಅದರ ಹಿಂದೆ ಜೂನ್ ತಿಂಗಳ ಆ ಇಪ್ಪತ್ತು ದಿನ ಇರುತ್ತಿತ್ತು. ಓಲೆ, ಬಳೆ ಅಡವಿಗೆ ಬರುವುದನ್ನು ನೋಡಿ ಆ ವರ್ಷದ ಮಳೆ ಹೇಗಾಯಿತೆಂದು ನಾನು ಹೇಳಬಲ್ಲವನಾಗಿದ್ದೆ. ರೈತ ನಂಬಿದ್ದು ಮಳೆ ನಕ್ಷತ್ರಗಳನ್ನು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ರೋಹಿಣಿ, ಮೃಗಶಿರ, ಆರಿದ್ರ ಎಂದು ಹದಿಮೂರು–ಹದಿನಾಲ್ಕು ದಿನಗಳ ಕಂತು ಮಾಡಿಕೊಂಡ ಅದು ಸೂರ್ಯನನ್ನೇ ಅನುಸರಿಸುವ ಪಂಚಾಂಗ, ಸರಾಸರಿ ಮಳೆಯ ನೆನಪಿನ ಪುಸ್ತಕ. ಆದರೆ ಈ ವರ್ಷ ಸರಾಸರಿಯಂತೆ ಇರುತ್ತದೆಯೇ ಎಂಬುದನ್ನು ಅದು ಹೇಳಲಾರದು.

ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಅನಂತಪುರ–ಪಾವಗಡ ಸೀಮೆಯ ಶೇಂಗಾ ಬೆಳೆಯ ಮೇಲೆ ಮಾಡಿದ ಕೆಲಸ ನನಗೆ ಇಷ್ಟವಾದದ್ದು ಇದೇ ಕಾರಣಕ್ಕೆ. ಈ ವರ್ಷದ ಮಳೆಯನ್ನು ಕಣಿ ಹೇಳುವ ಗೋಜಿಗೇ ಹೋಗದೆ, ದಶಕಗಳ ಮಳೆ ದಾಖಲೆಯನ್ನು ಮುಂದಿಟ್ಟುಕೊಂಡು, ಯಾವ ಅವಧಿಯಲ್ಲಿ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಒಣಹವೆ ಬೀಳುವ ಅಪಾಯ ಕಡಿಮೆ ಎಂದು ರೈತರ ಜೊತೆ ಕುಳಿತು ಲೆಕ್ಕ ಹಾಕಿದರು. ಸಾಲ ಕೊಡುವಾಗ ನಾವು ನೋಡುವುದೂ ಅದನ್ನೇ ಅಲ್ಲವೇ? ಈಗ ಬೆಂಗಳೂರಿನ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ರಾಜ್ಯದ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿಂದ ಅಂಕಿ ಬರುತ್ತದೆ, ಹೆಚ್ಚುಕಡಿಮೆ ಪಂಚಾಯಿತಿಗೊಂದು. ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ರೈತರು ವಿಚಾರಿಸುತ್ತಾರೆ.

ನನ್ನ ಹಳೆಯ ಶಾಖೆಯ ಒಬ್ಬ ರೈತರು ಇಂದಿಗೂ ಫೋನ್ ಮಾಡುತ್ತಾರೆ. ಕಳೆದ ಜೂನ್‌ನಲ್ಲಿ ಮೊಮ್ಮಗಳು ಮನೆಯಲ್ಲಿದ್ದಾಗ ಅವಳನ್ನೇ ಕೇಳಿದರು: ‘ಬಿತ್ತಲೇನವ್ವಾ?’ ಅವಳು ಹವಾಮಾನ ಇಲಾಖೆಯ ನಕ್ಷೆ ನೋಡಿ, ವಾರದೊಳಗೆ ಮಳೆಯ ಸಾಧ್ಯತೆ ಹತ್ತರಲ್ಲಿ ಆರು, ಅದರಾಚೆಯದು ಹೇಳಲಾಗದು ಎಂದಳು. ‘ಹೌದೋ ಅಲ್ಲವೋ ಹೇಳು’ ಎಂದರು ಅವರು. ಅವಳು ಹೇಳಲಿಲ್ಲ. ಹೇಳಿದ್ದರೆ ಅವರಿಗೆ ಆ ಕ್ಷಣಕ್ಕೆ ಸಮಾಧಾನವಾಗುತ್ತಿತ್ತು. ಅವರ ಬೀಜದ ಚೀಲದ ಬೆಲೆ ಅವಳಿಗೆ ಗೊತ್ತಿತ್ತು, ಆದ್ದರಿಂದ ಹೇಳಲಿಲ್ಲ. ಕೊನೆಗೆ ಅವರೇ ನಾಲ್ಕು ಎಕರೆಯಲ್ಲಿ ಎರಡನ್ನು ಬಿತ್ತಿ, ಎರಡನ್ನು ಹಾಗೇ ಬಿಟ್ಟರು. ಫೋನ್ ಇಟ್ಟಮೇಲೆ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಟಿ.ವಿ.ಯಲ್ಲಿ ನಿಂತು ಹೇಳುವುದು ಸುಲಭ ಎಂದುಕೊಂಡಿರುವ ನಮ್ಮ ನೆಂಟರು ಅಲ್ಲಿರಬೇಕಿತ್ತು.

ಅಳತೆಯೇ ಸರಿಯಿಲ್ಲದಿದ್ದರೆ ಈ ಲೆಕ್ಕವೆಲ್ಲ ದಂಡ. ಅದಕ್ಕಾಗಿ ಅಣ್ಣಾ ಮಾಣಿ ಅವರ ಹೆಸರು ಹೇಳಲೇಬೇಕು. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದವರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ಕೊಟ್ಟ ವಜ್ರದೋಲೆ ಬೇಡವೆಂದು ವಿಶ್ವಕೋಶ ಕೇಳಿದ ಹುಡುಗಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಬೆಂಗಳೂರಿಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೇ ಸಂಶೋಧನೆ ಮಾಡಿದರು (ಕಿವಿಗೆ ಬೇಡವಾದ ವಜ್ರ ಪ್ರಯೋಗಾಲಯಕ್ಕೆ ಬೇಕಾಯಿತು). ಐದು ಪ್ರಬಂಧ ಪ್ರಕಟಿಸಿ, ಪಿಎಚ್.ಡಿ.ಗೆ ಮಹಾಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಭೌತಶಾಸ್ತ್ರ ಓದಲೆಂದೇ ಹೊರಟರು. ಸಿಕ್ಕಿದ್ದು ಹವಾಮಾನ ಉಪಕರಣಗಳ ವಿಭಾಗ. ಸಿಕ್ಕಿದ್ದನ್ನೇ ಹಿಡಿದು 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ಮಳೆಮಾಪಕ, ಗಾಳಿಮಾಪಕದಂಥವೆಲ್ಲ ಪರದೇಶದಿಂದ ಬರುತ್ತಿದ್ದ ಕಾಲ. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ ಇಲ್ಲೇ ತಯಾರಾಗುವಂತೆ ಮಾಡಿದರು. ಉಪ ಮಹಾನಿರ್ದೇಶಕರಾಗಿ 1976ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿಗೆ ಬಂದು, ಬಿಸಿಲು–ಗಾಳಿ ಅಳೆಯುವ ಉಪಕರಣಗಳ ಕಾರ್ಯಾಗಾರ ನಡೆಸಿದರು. ಭಾರತದಲ್ಲಿ ಎಲ್ಲೆಲ್ಲಿ ಎಷ್ಟು ಬಿಸಿಲು ಎಂದು ಅವರು 1980ರ ಹೊತ್ತಿಗೆ ಕೂಡಿಸಿ ಕೊಟ್ಟ ಅಂಕಿಗಳು ಸೌರಶಕ್ತಿಯವರಿಗೆ ಕೈಪಿಡಿಯಾದವು. ಪದವಿ ತಂದುಕೊಡದ ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಓದುವ ದಾರಿ ಕೇಳುವವರಿಗೆ ಒಂದೆರಡು ಮಾತು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು; ಬಿ.ಎಸ್ಸಿ.ಯಲ್ಲೂ ಅವನ್ನು ಬಿಡಬಾರದು. ಆಮೇಲೆ ಕೊಚ್ಚಿ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ, ಪುಣೆ ಮೊದಲಾದ ಕಡೆ ಸ್ನಾತಕೋತ್ತರ ಓದಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ, ದೆಹಲಿ, ಖರಗ್‌ಪುರ, ಭುವನೇಶ್ವರದ ಐ.ಐ.ಟಿ.ಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಕೃಷಿ ಓದುವವರಿಗೆ ಕೃಷಿ ಹವಾಮಾನಶಾಸ್ತ್ರವಿದೆ. ಎಂಜಿನಿಯರಿಂಗ್ ಮುಗಿಸಿ ಈ ಕಡೆ ಬರುವವರೂ ಉಂಟು. ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯಲೇಬೇಕು. ಹವಾಮಾನದ ದೊಡ್ಡ ಲೆಕ್ಕಗಳು ಇಂದಿಗೂ ಫೋರ್ಟ್ರಾನ್ ಎಂಬ 1957ರ ಭಾಷೆಯಲ್ಲಿ ಓಡುತ್ತವೆ ಎಂದು ಕೇಳಿ ನನಗೆ ನನ್ನ ವಯಸ್ಸಿನ ಬಗ್ಗೆ ಕೊಂಚ ಧೈರ್ಯ ಬಂತು. ಕೆಲಸ ಹವಾಮಾನ ಇಲಾಖೆಯಲ್ಲಿ ಮಾತ್ರವಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಇಸ್ರೋ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ, ಗಾಳಿ ವಿದ್ಯುತ್ ಕಂಪನಿಗಳು, ಬೆಳೆವಿಮೆಯವರು, ಎಲ್ಲರಿಗೂ ಇಂಥವರು ಬೇಕು. ಎಂಜಿನಿಯರಿಂಗಿನಷ್ಟು ಸೀಟುಗಳಿಲ್ಲ, ಅಷ್ಟು ಬೇಗ ಸಂಬಳವೂ ಬಾರದು. ಅದನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು.

ಕಾಲೇಜಿಗೆ ಇನ್ನೂ ವರ್ಷಗಳಿರುವ ಮಕ್ಕಳು ಈ ಮಳೆಗಾಲದಲ್ಲೇ ಶುರು ಮಾಡಬಹುದು. ಬಾಯಿಯೂ ತಳವೂ ಒಂದೇ ಅಳತೆಯಿರುವ ನೇರ ಗೋಡೆಯ ಒಂದು ಡಬ್ಬ ತೆಗೆದುಕೊಳ್ಳಿ. ಮರ, ಗೋಡೆ, ಸೂರುಗಳಿಂದ ದೂರ, ಬಯಲಲ್ಲಿ ಅಲುಗದಂತೆ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ, ಅದೇ ನಮ್ಮ ಹವಾಮಾನ ಇಲಾಖೆ ಮಳೆ ಅಳೆಯುವ ಹೊತ್ತು, ಸ್ಕೇಲು ಇಳಿಸಿ ನೀರು ಎಷ್ಟು ಮಿಲಿಮೀಟರ್ ಇದೆಯೆಂದು ನೋಡಿ ಬರೆದುಕೊಂಡು, ನೀರು ಚೆಲ್ಲಿ ಮತ್ತೆ ಇಡಿ. ಮಳೆ ಬಾರದ ದಿನ ಸೊನ್ನೆ ಬರೆಯಿರಿ, ಜಾಗ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಅಂದು ಮಳೆ ಬರಲಿಲ್ಲವೋ, ನೀವು ಅಜ್ಜಿಯ ಊರಿಗೆ ಹೋಗಿದ್ದಿರೋ ಆಮೇಲೆ ತಿಳಿಯುವುದಿಲ್ಲ.